ಛಾವಣಿಯ ಲೆಕ್ಕ ಕೇಳಿದರೆ ತಪ್ಪೇ?

2025ರ ಮೇ ತಿಂಗಳಲ್ಲಿ ನನ್ನನ್ನು ಒಂದು ವಾಟ್ಸಾಪ್ ಗುಂಪಿನಿಂದ ಹೊರಗೆ ಹಾಕಿದರು. ಗುಂಪೇನೂ ದೊಡ್ಡದಲ್ಲ. ಕಾಚಿಗೂಡ, ಬರ್ಕತ್‌ಪುರ, ನಲ್ಲಕುಂಟದ ಕಡೆ ಇರುವ ನಾವು ಮೂವತ್ತು ಚಿಲ್ಲರೆ ಕನ್ನಡಿಗರು ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಂದು ಪುಸ್ತಕದ ಬಗ್ಗೆ ಮಾತು, ಆಮೇಲೆ ಮಂಡಕ್ಕಿ-ಮಿರ್ಚಿ, ಚಹಾ. ಊರಿಗೆ ಹೋಗುವವರ ರೈಲಿನ ಟಿಕೆಟ್ ವಿಚಾರವೇ ಆ ಗುಂಪಿನಲ್ಲಿ ಹೆಚ್ಚು.

ಅದು ಆಪರೇಷನ್ ಸಿಂಧೂರ ನಡೆದ ವಾರ. ಒಬ್ಬರು ಬರೆದರು: ರಕ್ಷಣಾ ಬಜೆಟ್ಟನ್ನು ಕೂಡಲೇ ಎರಡು ಪಟ್ಟು ಮಾಡಬೇಕು. ಹದಿನೈದಿಪ್ಪತ್ತು ಜನ ಬಾವುಟ, ಕೈಮುಗಿದ ಚಿತ್ರ ಹಾಕಿದರು. ನಾನು ಬರೆದದ್ದು ಎರಡೇ ಸಾಲು: "ಮಾಡೋಣ. ಆದರೆ ಯಾವ ಬಾಬ್ತಿಗೆ? ಈಗ ಕೊಡುತ್ತಿರುವ ಹಣ ಎಲ್ಲೆಲ್ಲಿ ಹೋಗುತ್ತಿದೆ ಅಂತ ನಮ್ಮಲ್ಲಿ ಯಾರಿಗಾದರೂ ಗೊತ್ತೇ?"

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಇದ್ದು ನಿವೃತ್ತರಾದ ಹಿರಿಯರೊಬ್ಬರು ಉತ್ತರಿಸಿದರು: "ಏನ್ರೀ, ಅಲ್ಲಿ ಸೈನಿಕರು ಪ್ರಾಣ ಕೊಡ್ತಿರೋವಾಗ ನಿಮಗೆ ಲೆಕ್ಕ ಬೇಕಾ?" ಅರ್ಧ ಗಂಟೆಯಲ್ಲಿ ನಾನು ಗುಂಪಿನಲ್ಲಿರಲಿಲ್ಲ. ಮೂವತ್ತೈದು ವರ್ಷ ಒಂದು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗದ ಮನುಷ್ಯ ಅವರು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಲೆಕ್ಕದ ಬೆಲೆ ಬಲ್ಲವರೂ ಈ ಒಂದು ವಿಷಯದಲ್ಲಿ ಮಾತ್ರ ಲೆಕ್ಕ ಕೇಳುವುದು ಪಾಪ ಎಂದು ಹೇಗೆ ನಂಬಿದರು ಎಂಬುದೇ ನನ್ನ ಪ್ರಶ್ನೆ.

ಆ ಗುಂಪಿಗೆ ನಾನು ಹೇಳದೆ ಉಳಿದ ಸಂಗತಿಯೊಂದಿದೆ. ನನ್ನ ಅಕ್ಕನ ಮಗ ಸೈನ್ಯದಲ್ಲಿದ್ದಾನೆ. ಅಗ್ನಿವೀರ, ಮೊದಲ ತಂಡದವನು. ಉತ್ತರದ ಗಡಿಯ ಕಡೆ ಇದ್ದಾನೆ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಆ ವಾರ ಮೂರು ದಿನ ಅವನ ಫೋನು ಹತ್ತಲಿಲ್ಲ. ಊರಿನಲ್ಲಿ ಅಕ್ಕ ಅನ್ನ ಮುಟ್ಟಲಿಲ್ಲ. ಬಾವುಟ ಹಾಕಿದವರಲ್ಲಿ ನನಗೆ ತಿಳಿದಂತೆ ಯಾರ ಮನೆಯಿಂದಲೂ ಒಬ್ಬರು ಸೈನ್ಯಕ್ಕೆ ಹೋಗಿಲ್ಲ. ನಮ್ಮ ಮಕ್ಕಳೆಲ್ಲ ಐಐಟಿ ಕೋಚಿಂಗಿಗೆ ಹೋಗುತ್ತಾರೆ. ನನ್ನ ಮಗಳೂ ಹೋಗುತ್ತಾಳೆ.

ಹಾಗಾಗಿ ನೇರವಾಗಿ ಹೇಳುತ್ತೇನೆ. ದೇಶ ಸೈನ್ಯಕ್ಕೆ ಅತಿಯಾಗಿ ಖರ್ಚು ಮಾಡುತ್ತಿದೆಯೇ ಎಂಬುದಕ್ಕೆ ಜಿಡಿಪಿಯ ಶೇಕಡಾವಾರಿನಲ್ಲಿ ಉತ್ತರ ಇಲ್ಲ. ಯಾರೂ ಪ್ರಶ್ನೆ ಕೇಳಲಾಗದ ಖರ್ಚು, ಎಷ್ಟೇ ಇರಲಿ, ಅತಿಯೇ. ಆ ಅಳತೆಯಲ್ಲಿ ನೋಡಿದರೆ ನಮ್ಮದು ಅತಿಯಾಗಿದೆ. ಇದನ್ನು ನನಗೆ ಕಲಿಸಿದ್ದು ಪುಸ್ತಕದ ಅರ್ಥಶಾಸ್ತ್ರ ಅಲ್ಲ, ನಮ್ಮೂರಿನ ಚರಿತ್ರೆ.

ನಮ್ಮದು ಲಿಂಗಸುಗೂರು ತಾಲೂಕು, ರಾಯಚೂರು ಜಿಲ್ಲೆ. ನನ್ನ ಅಜ್ಜಿ ಲಿಂಗಸುಗೂರಿಗೆ ಹೋಗಿ ಬರುವುದಕ್ಕೆ "ಛಾವಣಿಗೆ ಹೋಗಿ ಬಂದೆ" ಅನ್ನುತ್ತಿದ್ದಳು. ಚಿಕ್ಕವನಿದ್ದಾಗ ಅದು ಊರಿನ ಇನ್ನೊಂದು ಹೆಸರು ಎಂದುಕೊಂಡಿದ್ದೆ. ಅಲ್ಲಿ ನಿಜವಾಗಿಯೂ ದಂಡಿನ ಛಾವಣಿ ಇತ್ತು, ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ್ದು ಎಂದು ತಿಳಿದದ್ದು ಎಂಟೆಕ್ ಮುಗಿಸಿ ಈ ಊರಿಗೆ ಬಂದ ಮೇಲೆ. ಆ ಸೈನ್ಯದ ಕಥೆಯನ್ನು ಈ ಪತ್ರಿಕೆಯ ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನಾವು ಯಾಕೆ ಊರು ಬಿಟ್ಟು ಇಲ್ಲಿದ್ದೇವೆ ಎಂಬುದರ ಒಂದು ಎಳೆ ಅದರಲ್ಲೂ ಇದೆ.

1798ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ. ಕಂಪನಿಯ ಸೈನ್ಯ ಹೈದರಾಬಾದನ್ನು ಕಾಯುತ್ತದೆ, ಸಂಬಳ ನಿಜಾಮ ಕೊಡಬೇಕು. ಎರಡು ವರ್ಷದಲ್ಲೇ, 1800ರಲ್ಲಿ, ಆ ವೆಚ್ಚಕ್ಕಾಗಿ ನಾಡನ್ನೇ ಬಿಟ್ಟುಕೊಡಬೇಕಾಯಿತು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಕಂಪನಿಗೆ ಹೋದವು. ದತ್ತ ಮಂಡಲ ಎಂದು ಹೆಸರಾದದ್ದು ಇದೇ. ಬಳ್ಳಾರಿ ಮದ್ರಾಸಿಗೆ ಸೇರಿ, ಒಂದೂವರೆ ಶತಮಾನ ಉಳಿದ ಕನ್ನಡ ನಾಡಿನಿಂದ ಬೇರೆ ಇದ್ದುದರ ಮೂಲ ಒಂದು ಸೈನ್ಯದ ಬಿಲ್ಲು.

ಒಂದು ಸೈನ್ಯಕ್ಕೆ ಹೀಗೆ ನಾಡನ್ನೇ ಕೊಟ್ಟ ಮೇಲೆ ಲೆಕ್ಕ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಯುದ್ಧ ಬಂದಾಗ ನಿಜಾಮ ತನ್ನ ಕಡೆಯಿಂದಲೂ ಇಷ್ಟು ಕುದುರೆ, ಇಷ್ಟು ಕಾಲಾಳು ಕಳಿಸಬೇಕು ಎಂದು 1800ರ ಒಪ್ಪಂದದಲ್ಲಿ ಒಂದು ಕಲಮು ಇತ್ತು. ಅದನ್ನೇ ಹಿಡಿದುಕೊಂಡು ರೆಸಿಡೆಂಟ್ ಹೆನ್ರಿ ರಸೆಲ್‌ನ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಎರಡನೆಯ ಸೈನ್ಯ ಕಟ್ಟಿದರು. ಯುದ್ಧಕಾಲಕ್ಕೆಂದು ಬರೆದ ಕಲಮಿನ ಖರ್ಚು ಶಾಂತಿಕಾಲದಲ್ಲೂ ವರ್ಷ ವರ್ಷ ಬಂತು. ನಮ್ಮ ಕಚೇರಿ ಭಾಷೆಯಲ್ಲಿ ಇದಕ್ಕೆ ಸ್ಕೋಪ್ ಕ್ರೀಪ್ ಅನ್ನುತ್ತೇವೆ: ಒಪ್ಪಿದ್ದು ಒಂದು ಕೆಲಸ, ಬಿಲ್ಲು ಬರುವುದು ಮೂರಕ್ಕೆ.

ಆ ಸಂಬಳ ಕೊಡಲು ಮಂತ್ರಿ ಚಂದೂಲಾಲ್ ಸಾಹುಕಾರರಲ್ಲಿ, ವಿಲಿಯಂ ಪಾಮರ್ ಕಂಪನಿಯಲ್ಲಿ ಭಾರೀ ಬಡ್ಡಿಗೆ ಸಾಲ ಎತ್ತಿದ. ಸಾಲ ಬೆಳೆಯಿತು. ಆಮೇಲೆ ಸಂಬಳ ನಿಲ್ಲಬಾರದೆಂದು ಕಂಪನಿಯೇ ಹಣ ಕೊಟ್ಟು ಅದನ್ನು ನಿಜಾಮನ ಹೆಸರಿನಲ್ಲಿ ಬರೆದುಕೊಂಡಿತು. ಕೊನೆಗೆ 1853ರ ಮೇ ತಿಂಗಳಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, ನಿಜಾಮ ನಾಸಿರುದ್ದೌಲಾ ಸಹಿ ಹಾಕಬೇಕಾಯಿತು. ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್, ವರ್ಷಕ್ಕೆ ಸುಮಾರು 50 ಲಕ್ಷ ರೂಪಾಯಿ ಹುಟ್ಟುವಳಿಯ ನಾಡು, ಕಂಪನಿಯ ವಶಕ್ಕೆ. ಅದರ ಬದಲಿಗೆ ಕಂಪನಿ ಏನು ಇಟ್ಟುಕೊಳ್ಳಬೇಕು? 5,000 ಕಾಲಾಳು, 2,000 ಸವಾರರು, ನಾಲ್ಕು ಫಿರಂಗಿ ಬ್ಯಾಟರಿಗಳಿಗೆ ಕಡಿಮೆಯಿಲ್ಲದ ಸೈನ್ಯ.

ಕೃಷ್ಣೆ ತುಂಗಭದ್ರೆಯರ ನಡುವಿನ ದೋಆಬ್ ಎಂದರೆ ನಮ್ಮ ರಾಯಚೂರು, ಮಾನ್ವಿ, ಸಿಂಧನೂರು, ಲಿಂಗಸುಗೂರು. 1520ರಲ್ಲಿ ಕೃಷ್ಣದೇವರಾಯ ಯುದ್ಧ ಮಾಡಿ ಗೆದ್ದ ನೆಲ, 1853ರಲ್ಲಿ ಸಂಬಳದ ಬಾಕಿಗೆ ಒತ್ತೆ ಬಿತ್ತು. ಏಳು ವರ್ಷ ಕಳೆದು, 1857ರ ದಂಗೆಯಲ್ಲಿ ಹೈದರಾಬಾದು ಕಂಪನಿಯ ಪಕ್ಕ ನಿಂತದ್ದಕ್ಕೆ ಇನಾಮಿನಂತೆ, 1860ರಲ್ಲಿ ದೋಆಬ್ ವಾಪಸ್ ಬಂತು. 50 ಲಕ್ಷದ ಸಾಲವನ್ನೂ ಬಿಟ್ಟರು. ದಂಗೆಯೆದ್ದ ವೆಂಕಟಪ್ಪ ನಾಯಕನ ಸುರಪುರವನ್ನು ಕೂಡ ಅದೇ ಒಪ್ಪಂದದಲ್ಲಿ ನಿಜಾಮನಿಗೆ ಕೊಟ್ಟರು. ಬೇರಾರ್ ಮಾತ್ರ ಬರಲೇ ಇಲ್ಲ. ಸಾಲಾರ್ ಜಂಗ್ ಲೆಕ್ಕಪತ್ರ ಹಿಡಿದು ವರ್ಷಗಟ್ಟಲೆ ಕೇಳಿದ, 1876ರಲ್ಲಿ ಇಂಗ್ಲೆಂಡಿಗೂ ಹೋಗಿ ಬಂದ, ಸಿಗಲಿಲ್ಲ. 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಅದನ್ನು ಶಾಶ್ವತ ಗುತ್ತಿಗೆ ಎಂದು ಬರೆಸಿಕೊಂಡರು. ಮರುವರ್ಷ ಕಂಟಿಂಜೆಂಟ್ ಸೈನ್ಯವೇ ಭಾರತೀಯ ಸೈನ್ಯದಲ್ಲಿ ಕರಗಿಹೋಯಿತು.

ಈ ಸೈನ್ಯ ದೊಡ್ಡದಾಗಿತ್ತೇ ಸಣ್ಣದಾಗಿತ್ತೇ ಎಂಬುದು ಇಲ್ಲಿ ಮುಖ್ಯವಲ್ಲ. ಏಳೆಂಟು ಸಾವಿರ ಜನರ ಸೈನ್ಯ ಅಷ್ಟು ದೊಡ್ಡ ಸಂಸ್ಥಾನಕ್ಕೆ ಭಾರೀ ಏನಲ್ಲ. ಮುಖ್ಯವಾದದ್ದು: ಎಷ್ಟು ಸೈನ್ಯ ಬೇಕು ಎಂದು ತೀರ್ಮಾನಿಸುವವನು ರೆಸಿಡೆಂಟ್, ಅವನು ಹಣ ಕೊಡುವುದಿಲ್ಲ. ಹಣ ಕೊಡುವವನು ದೋಆಬಿನ ರೈತ, ಅವನನ್ನು ಯಾರೂ ಕೇಳುವುದಿಲ್ಲ. ನಡುವೆ ನಿಂತ ಮಂತ್ರಿಗೆ ಪ್ರಶ್ನೆ ಕೇಳುವ ಧೈರ್ಯ ಇಲ್ಲ, ಸಾಲ ಎತ್ತುವ ಚಾತುರ್ಯ ಇದೆ. ಈ ಮೂರು ಕೂಡಿದರೆ ಖರ್ಚು ಒಂದು ಹಂತದಲ್ಲಿ ನಿಲ್ಲುವುದೇ ಇಲ್ಲ. ಅಪಾಯ ದೊಡ್ಡದಾಯಿತೆಂದು ಅದು ಬೆಳೆಯುವುದಿಲ್ಲ, ತಡೆಯುವವರಿಲ್ಲವೆಂದು ಬೆಳೆಯುತ್ತದೆ.

ಅದೇ ಕಾಲದ ಇನ್ನೊಂದು ಕನ್ನಡ ಸಂಸ್ಥಾನವನ್ನು ನೋಡಿ. ಮೈಸೂರು 1799ರಿಂದ ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿಯ ಪೊಗದಿ ಕೊಡುತ್ತಿತ್ತು. ಅದೂ ಮೂಲದಲ್ಲಿ ಸೈನ್ಯದ ಖರ್ಚೇ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ಅದನ್ನು 35 ಲಕ್ಷಕ್ಕೆ ಏರಿಸಿದರು. ಆದರೆ ಮೈಸೂರಿನಲ್ಲಿ ಅದೇ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ದಿವಾನರು ಪ್ರತಿವರ್ಷ ಆದಾಯ-ವೆಚ್ಚವನ್ನು ಜನರ ಮುಂದೆ ಹೇಳುತ್ತಿದ್ದರು, ಪೊಗದಿಯ ಭಾರ ಎಲ್ಲರಿಗೂ ಅಂಕಿಯಲ್ಲಿ ಗೊತ್ತಿತ್ತು. ಇಳಿಸಿ ಎಂದು ಮೈಸೂರು ಬಿಡದೆ ಕೇಳಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1927ರಲ್ಲಿ, ವೈಸರಾಯ್ ಅರ್ವಿನ್ 10.5 ಲಕ್ಷ ಇಳಿಸುವುದಾಗಿ ಘೋಷಿಸಿದ. ಕೇಳಿದ ಮಾತ್ರಕ್ಕೇ ಇಳಿಯಿತು ಎನ್ನುವುದಿಲ್ಲ. ಸಾಲಾರ್ ಜಂಗ್ ಕೇಳಿಯೂ ಸೋತ. ಆದರೆ ಕೇಳದೆ ಇಳಿದದ್ದು ಎಲ್ಲೂ ಇಲ್ಲ. ಮೈಸೂರಿಗೂ ನಮ್ಮ ಭಾಗಕ್ಕೂ ಶಾಲೆ, ನೀರು, ರಸ್ತೆಯಲ್ಲಿ ಬಿದ್ದ ಅಂತರವನ್ನು ತುಂಬಲು ಸಂವಿಧಾನಕ್ಕೆ 371ಜೆ ಕಲಂ ಸೇರಿಸಬೇಕಾಯಿತು. ಆ ಅಂತರಕ್ಕೆ ಕಾರಣ ಹಲವಿವೆ. ಲೆಕ್ಕ ಕೇಳುವ ಅಭ್ಯಾಸ ಒಂದು ಕಡೆ ಬೆಳೆದದ್ದು, ಇನ್ನೊಂದು ಕಡೆ ಬೆಳೆಯದೆ ಹೋದದ್ದು ಅದರಲ್ಲಿ ಒಂದು.

ಇನ್ನು ಈ ದಿನಕ್ಕೆ ಬರುತ್ತೇನೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟ ಹಣ 6.81 ಲಕ್ಷ ಕೋಟಿ ರೂಪಾಯಿ. ಇಡೀ ಬಜೆಟ್ಟಿನ ಸುಮಾರು ಶೇ 13.5. ಅದೇ ವರ್ಷ ಶಿಕ್ಷಣ ಸಚಿವಾಲಯಕ್ಕೆ ಸುಮಾರು 1.29 ಲಕ್ಷ ಕೋಟಿ, ಆರೋಗ್ಯ ಸಚಿವಾಲಯಕ್ಕೆ 1 ಲಕ್ಷ ಕೋಟಿಗೆ ಕೊಂಚ ಕಡಿಮೆ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಪಟ್ಟಿಯಲ್ಲಿ 2024ರಲ್ಲಿ ನಾವು ಜಗತ್ತಿನಲ್ಲಿ ಐದನೆಯವರು: 86 ಬಿಲಿಯನ್ ಡಾಲರ್. ಪಾಕಿಸ್ತಾನ 10, ಚೀನಾ 314. ಹೆಚ್ಚಾಯಿತು ಎನ್ನುವವರು ಪಾಕಿಸ್ತಾನದ ಕಡೆ ಬೆರಳು ತೋರಿಸುತ್ತಾರೆ, ಸಾಲದು ಎನ್ನುವವರು ಚೀನಾದ ಕಡೆ. ಎರಡೂ ಬೆರಳಿಗೆ ಅಂಕಿ ಇದೆ. ಆದ್ದರಿಂದ ಈ ಜಗಳ ಮುಗಿಯುವುದಿಲ್ಲ.

ನಮ್ಮ ಕಡೆಯ ಪ್ರಗತಿಪರ ಗೆಳೆಯರು ಇಲ್ಲಿ ಒಂದು ಸುಲಭದ ಲೆಕ್ಕ ಮಾಡುತ್ತಾರೆ. ನಾನೂ ಮಾಡಿ ನೋಡಿದ್ದೇನೆ. 6.81 ಲಕ್ಷ ಕೋಟಿಯನ್ನು 365ರಿಂದ ಭಾಗಿಸಿ: ದಿನಕ್ಕೆ 1,866 ಕೋಟಿ. ಹೈದರಾಬಾದಿನ ಪಕ್ಕದ ಬೀಬಿನಗರದ ಏಮ್ಸ್‌ಗೆ 2018ರಲ್ಲಿ ಮಂಜೂರಾದದ್ದು 1,028 ಕೋಟಿ. ಅಂದರೆ ಹದಿಮೂರು ಚಿಲ್ಲರೆ ಗಂಟೆಯ ರಕ್ಷಣಾ ವೆಚ್ಚ. ನಮಗೊಂದು ಏಮ್ಸ್ ಕೊಡಿ ಎಂದು ರಾಯಚೂರಿನಲ್ಲಿ 2022ರ ಮೇ ತಿಂಗಳಿಂದ ಧರಣಿ ಕೂತಿದ್ದಾರೆ; ಸಾವಿರ ದಿನ ದಾಟಿತು. ಹದಿಮೂರು ಗಂಟೆಯ ಹಣ ನಮ್ಮ ಜಿಲ್ಲೆಗೆ ಇಲ್ಲವೇ?

ಭಾಷಣಕ್ಕೆ ಇದು ಚೆನ್ನಾಗಿದೆ. ಆದರೆ ನಾನು ಇದನ್ನು ಒಪ್ಪುವುದಿಲ್ಲ. ನಾಳೆ ಒಂದು ಯುದ್ಧವಿಮಾನ ಕೊಳ್ಳದೆ ಬಿಟ್ಟರೆ ಆ ಹಣ ರಾಯಚೂರಿಗೆ ನಡೆದುಕೊಂಡು ಬರುವುದಿಲ್ಲ. ರಾಯಚೂರಿಗೆ ಏಮ್ಸ್ ಬಾರದಿರುವುದು ರಫೇಲಿನಿಂದಲ್ಲ, ದೆಹಲಿಯಲ್ಲಿ ನಮ್ಮ ಮಾತಿಗೆ ಕಿವಿಗೊಡುವವರಿಲ್ಲದ್ದರಿಂದ. ಇನ್ನೊಂದು ಮಾತು: 1962ರಲ್ಲಿ ನೇಫಾದ ಹಿಮದಲ್ಲಿ ನಮ್ಮವರು ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟು, ಹಳೆಯ ತ್ರೀ-ನಾಟ್-ತ್ರೀ ಬಂದೂಕಿನಲ್ಲಿ ನಿಂತಿದ್ದರು. ಕಡಿಮೆ ಖರ್ಚೂ ಜನರನ್ನು ಕೊಲ್ಲುತ್ತದೆ. ಮತ್ತೆ, 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದದ್ದರಿಂದಲೇ ರಜಾಕಾರರ ಕೈಯಿಂದ ನಮ್ಮ ಹಳ್ಳಿಗಳು ಉಳಿದವು. ಆ ಋಣ ಗೊತ್ತಿದ್ದ ನಮ್ಮ ಭಾಗದವನು ಸೈನ್ಯ ಬೇಡ ಎನ್ನಲಾರ. ನಾನಂತೂ ಅನ್ನುವುದಿಲ್ಲ.

ಆದರೆ ಇನ್ನೊಂದು ಕಡೆಯವರ, ಆ ವಾಟ್ಸಾಪ್ ಗುಂಪಿನ ಗೆಳೆಯರ ಲೆಕ್ಕ ಇದಕ್ಕಿಂತ ಸುಲಭದ್ದು: ಹಣ ಹೆಚ್ಚಿದರೆ ಬಲ ಹೆಚ್ಚುತ್ತದೆ. ಅದನ್ನು ಪರೀಕ್ಷಿಸೋಣ.

ಈ ಬಜೆಟ್ಟಿನ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 46 ಸಂಬಳ, ರೇಷನ್, ಇಂಧನ, ಮದ್ದುಗುಂಡು, ರಿಪೇರಿಗೆ. ಸುಮಾರು 24 ಪಿಂಚಣಿಗೆ. ನಾಲ್ಕು ಸಿವಿಲ್ ಬಾಬ್ತುಗಳಿಗೆ. ಹೊಸ ವಿಮಾನ, ಹಡಗು, ತೋಪು, ರಸ್ತೆ ಎಲ್ಲ ಸೇರಿ 26. ಹಣ ಹೆಚ್ಚಾದರೂ ಅದು ಎಲ್ಲಿ ಸೇರುತ್ತದೆ ಎಂದು ಕೇಳದಿದ್ದರೆ ಏನಾಗುತ್ತದೆ? 2017ರಲ್ಲಿ ಮಹಾಲೇಖಪಾಲರ ವರದಿ ಹೇಳಿತು: ಪರಿಶೀಲಿಸಿದ 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆ ಹತ್ತು ದಿನದ ಯುದ್ಧಕ್ಕೂ ಸಾಲದು. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ವರದಿ ಹೇಳಿತು: ಸಿಯಾಚಿನ್, ಲಡಾಖಿನಂಥ ಎತ್ತರದಲ್ಲಿ ಇರುವವರಿಗೆ ಹಿಮಕನ್ನಡಕ, ಬೂಟು ಕೊರತೆ, ಊಟದ ಕ್ಯಾಲರಿಯಲ್ಲೂ ಕೊರತೆ. ಜಗತ್ತಿನ ಅತಿ ದೊಡ್ಡ ಸೈನ್ಯವೆಚ್ಚಗಳಲ್ಲಿ ಒಂದನ್ನು ಮಾಡುವ ದೇಶದ ಕಥೆ ಇದು. ಬೂಟು ಸಾಲದ್ದು ಹಣ ಇಲ್ಲವೆಂದಲ್ಲ. ಬೂಟಿನ ಬಗ್ಗೆ ಸಮಯಕ್ಕೆ ಸರಿಯಾಗಿ ಯಾರೂ ಕೇಳಲಿಲ್ಲವೆಂದು.

ಪ್ರಾಜೆಕ್ಟ್ ಮ್ಯಾನೇಜರನಾಗಿ ನನಗೆ ತೇಜಸ್ ಕಥೆ ಹೆಚ್ಚು ನೋವು ಕೊಡುತ್ತದೆ. 1983ರಲ್ಲಿ ಮಂಜೂರಾದ ಯೋಜನೆ. ಮೊದಲು ಹಾರಿದ್ದು 2001ರ ಜನವರಿಯಲ್ಲಿ. ಮೊದಲ ಸ್ಕ್ವಾಡ್ರನ್ ಆದದ್ದು 2016ರ ಜುಲೈನಲ್ಲಿ, ಬೆಂಗಳೂರಿನಲ್ಲಿ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು. 2024ರ ಮಾರ್ಚಿನಿಂದ ಬರಬೇಕಾದವು ಬರಲಿಲ್ಲ. ಎಂಜಿನ್ ಅಮೆರಿಕದಿಂದ ತಡವಾಯಿತು, ನಿಜ. 42 ಸ್ಕ್ವಾಡ್ರನ್ ಇರಬೇಕಾದ ವಾಯುಪಡೆಯಲ್ಲಿ 2025ರ ಸೆಪ್ಟೆಂಬರಿನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಕೊಟ್ಟ ಗಡುವಿಗೆ ಮುಗಿದ ಯೋಜನೆ ಒಂದೂ ನೆನಪಿಗೆ ಬರುವುದಿಲ್ಲ ಎಂಬ ಅರ್ಥದ ಮಾತನ್ನು ವಾಯುಪಡೆಯ ಮುಖ್ಯಸ್ಥರೇ 2025ರ ಮೇ ಕೊನೆಯಲ್ಲಿ ಸಭೆಯೊಂದರಲ್ಲಿ ಬಹಿರಂಗವಾಗಿ ಆಡಿದರು. ನಾನು ಕೇಳಿದರೆ ಗುಂಪಿನಿಂದ ಹೊರಗೆ. ಅವರು ಆಡಿದ್ದನ್ನು ಗುಂಪಿನಲ್ಲಿ ಯಾರೂ ಹಂಚಿಕೊಳ್ಳಲೂ ಇಲ್ಲವಂತೆ.

ನಮ್ಮ ಐಟಿಯಲ್ಲಿ ಕಲ್ಲಂಗಡಿ ಪ್ರಾಜೆಕ್ಟ್ ಎಂಬ ಮಾತಿದೆ. ವಾರದ ವರದಿಯಲ್ಲಿ ಹೊರಗೆಲ್ಲ ಹಸಿರು, ಕತ್ತರಿಸಿದರೆ ಒಳಗೆ ಕೆಂಪು. ಅಂಥದ್ದು ಹುಟ್ಟುವುದು ಕೆಟ್ಟ ಎಂಜಿನಿಯರುಗಳಿಂದಲ್ಲ. "ಇದೇನು ತಡ?" ಎಂದು ಕೇಳಿದವರನ್ನು ತಂಡದ ದ್ರೋಹಿ ಎಂದು ನೋಡುವ ಮೀಟಿಂಗುಗಳಿಂದ. ಇಪ್ಪತ್ತು ವರ್ಷದಲ್ಲಿ ನಾನೇ ಅಂಥ ಎರಡು ಪ್ರಾಜೆಕ್ಟ್ ನಡೆಸಿದ್ದೇನೆ. ಕೇಳದೆ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಅಲ್ಲಿ ಹೋದದ್ದು ಗಿರಾಕಿಯ ಹಣ ಮಾತ್ರ. ಇಲ್ಲಿ ಹೋಗುವುದು ಅಕ್ಕನ ಮಗನಂಥವರ ಜೀವ.

ಹಾಗಾದರೆ ಕೇಳಬೇಕಾದವರು ಯಾರು? ಸಂಸತ್ತು. 2023ರ ಮಾರ್ಚ್ 23ರಂದು ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬೇಡಿಕೆಗಳನ್ನೆಲ್ಲ, ರಕ್ಷಣೆಯದ್ದೂ ಸೇರಿ, ಚರ್ಚೆಯೇ ಇಲ್ಲದೆ ಒಂದೇ ಏಟಿಗೆ ಪಾಸು ಮಾಡಿತು. 2018ರಲ್ಲೂ ಹೀಗೇ ಆಗಿತ್ತು. ಇದಕ್ಕೆ ಸಂಸತ್ತಿನಲ್ಲಿ ಗಿಲೊಟಿನ್ ಎನ್ನುತ್ತಾರೆ. ಒಂದು ಪಕ್ಷ ಗದ್ದಲ ಮಾಡಿತು, ಇನ್ನೊಂದಕ್ಕೆ ಗದ್ದಲ ಅನುಕೂಲವಾಯಿತು, ಇಬ್ಬರೂ ಹೊಣೆ. ರಕ್ಷಣೆಯ ಸ್ಥಾಯಿ ಸಮಿತಿ ಇದೆ, ಅದು ಪ್ರತಿವರ್ಷ ವರದಿ ಕೊಡುತ್ತದೆ, ಒಳ್ಳೆಯ ಪ್ರಶ್ನೆಗಳನ್ನೂ ಕೇಳುತ್ತದೆ. ಆದರೆ ಸಮಿತಿಯ ಕೋಣೆಯಲ್ಲಿ ಕೇಳಿದ್ದು ಸದನದ ನೆಲದಲ್ಲಿ ಕೇಳಿದಂತೆ ಆಗುವುದಿಲ್ಲ. ಮಹಾಲೇಖಪಾಲರ ರಕ್ಷಣಾ ವರದಿಗಳು ಸಂಸತ್ತಿನಲ್ಲಿ ಮಂಡನೆಯಾಗುತ್ತವೆ, ಆದರೆ ಕೆಲವು ವರ್ಷಗಳಿಂದ ಅಂಥ ಹಲವು ವರದಿಗಳನ್ನು ಜಾಲತಾಣಕ್ಕೆ ಹಾಕುವುದು ನಿಂತಿದೆ. ಪತ್ರಿಕೆಯಲ್ಲಿ ಸುದ್ದಿ ಬಂದಷ್ಟೇ ನಮಗೆ ಗೊತ್ತು.

ಪ್ರಶ್ನೆ ಇಲ್ಲದೆ ಆಗುವ ತೀರ್ಮಾನ ಹೇಗಿರುತ್ತದೆ ಎಂಬುದು ನಮ್ಮ ಮನೆಗೆ ಗೊತ್ತು. ಅಕ್ಕನ ಮಗ ಪಿಯುಸಿ ಮುಗಿಸಿ ಎರಡು ವರ್ಷ ಬೆಳಗಿನ ನಾಲ್ಕೂವರೆಗೆ ಎದ್ದು ಶಾಲೆಯ ಮೈದಾನದಲ್ಲಿ ಓಡಿದ. ಕೋವಿಡ್ ಎಂದು ಭರ್ತಿ ನಿಂತಿತ್ತು. ವಯಸ್ಸು ಮೀರುತ್ತದೆಂಬ ಭಯ. 2022ರ ಜೂನ್ 14ರಂದು ಅಗ್ನಿಪಥ ಘೋಷಣೆಯಾಯಿತು: ನಾಲ್ಕು ವರ್ಷ ಸೇವೆ, ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಸುಮಾರು 11.71 ಲಕ್ಷ ಸೇವಾನಿಧಿ, ಪಿಂಚಣಿ ಇಲ್ಲ. ಸಂಸತ್ತಿನಲ್ಲಿ ಮೊದಲು ಚರ್ಚೆಯಾಗಲಿಲ್ಲ, ಸಂಪುಟ ತೀರ್ಮಾನಿಸಿತು. ಮೂರು ದಿನಕ್ಕೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಬೋಗಿಗಳು ಉರಿದವು, ಗೋಲಿಬಾರಿನಲ್ಲಿ ಒಬ್ಬ ಹುಡುಗ ಸತ್ತ. ಆ ದಿನ ಅಕ್ಕನ ಮಗ ಕಾಚಿಗೂಡದ ನಮ್ಮ ಮನೆಯಲ್ಲೇ ಇದ್ದ. ಟಿವಿ ನೋಡುತ್ತ ಕೂತಿದ್ದವನನ್ನು ಹೊರಗೆ ಬಿಡಲಿಲ್ಲ ನಾನು. ಬಾಗಿಲಿಗೆ ಚಿಲಕ ಹಾಕಿ ಕೂತೆ. ರೈಲು ಸುಟ್ಟದ್ದನ್ನು ಸಮರ್ಥಿಸುವುದಿಲ್ಲ. ಆದರೆ ಪ್ರಶ್ನೆಗೆ ಸರಿಯಾದ ಜಾಗ ಇಲ್ಲದಿದ್ದರೆ ಅದು ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂಬುದನ್ನು ಅಂದು ಕಂಡೆ.

ಪಿಂಚಣಿಯ ಭಾರ ಸುಳ್ಳಲ್ಲ. ನೂರರಲ್ಲಿ 24 ಎಂದು ನಾನೇ ಮೇಲೆ ಬರೆದೆ. ಅದನ್ನು ಇಳಿಸಬೇಕೆಂಬ ವಾದಕ್ಕೂ ಅರ್ಥ ಇದೆ. ಆದರೆ ಇಳಿಸುವುದನ್ನು ಎಲ್ಲಿಂದ ಶುರು ಮಾಡಿದರು? ಮೈದಾನದಲ್ಲಿ ಓಡುವ ಹುಡುಗನಿಂದ. ಕಾರಣ ತಿಳಿಯುವುದು ಸುಲಭ. ಅವನ ಪರವಾಗಿ ಕೇಳುವವರು ಯಾರೂ ಕೋಣೆಯಲ್ಲಿ ಇರಲಿಲ್ಲ. 1853ರಲ್ಲೂ ದೋಆಬಿನ ರೈತ ಕೋಣೆಯಲ್ಲಿ ಇರಲಿಲ್ಲ.

ಗುಟ್ಟು ಬಯಲಾದರೆ ವೈರಿಗೆ ಅನುಕೂಲವಲ್ಲವೇ ಎನ್ನುತ್ತೀರಿ. ಗುಟ್ಟು ಬೇಕು. ಯಾವ ಕ್ಷಿಪಣಿ ಎಲ್ಲಿದೆ, ಯಾವ ದಳ ಎತ್ತ ಹೊರಟಿದೆ ಎಂದು ನನಗೆ ತಿಳಿಯಬೇಕಿಲ್ಲ. ಅಕ್ಕನ ಮಗ ಎಲ್ಲಿದ್ದಾನೆ ಎಂದು ನಾನೇ ಬರೆದಿಲ್ಲ. ಆದರೆ ಬೂಟು ಯಾವಾಗ ಆರ್ಡರ್ ಆಯಿತು, ಯಾಕೆ ತಡವಾಯಿತು, ವಿಮಾನದ ಗಡುವು ಯಾರು ಕೊಟ್ಟರು, ತಪ್ಪಿದ್ದಕ್ಕೆ ದಂಡ ಎಷ್ಟು, ಅಗ್ನಿವೀರರಲ್ಲಿ ಎಷ್ಟು ಜನಕ್ಕೆ ಆಮೇಲೆ ಕೆಲಸ ಸಿಕ್ಕಿತು, ಇವು ಯಾವ ದೇಶದಲ್ಲೂ ಗುಟ್ಟಲ್ಲ. ಅಮೆರಿಕದ ಸೈನ್ಯವೆಚ್ಚ ನಮಗಿಂತ ಹನ್ನೊಂದು ಪಟ್ಟು ಹೆಚ್ಚು. ಅಲ್ಲಿ ಎಫ್-35 ವಿಮಾನದ ತಡ, ದುಬಾರಿತನದ ಬಗ್ಗೆ ಲೆಕ್ಕತಪಾಸಣೆ ವರದಿಗಳು ವರ್ಷ ವರ್ಷ ಎಲ್ಲರಿಗೂ ಸಿಗುತ್ತವೆ. ಅಲ್ಲಿ ಖರ್ಚು ಕಡಿಮೆಯಾಗಿದೆ ಎಂದಲ್ಲ. ಕೇಳುವುದರಿಂದ ದೇಶ ಬೀಳುವುದಿಲ್ಲ ಎಂದು ಹೇಳಲು ಮಾತ್ರ ಇದನ್ನು ತಂದೆ.

ನಾನು ಬೇಡುವುದು ದೊಡ್ಡದೇನಲ್ಲ. ರಕ್ಷಣಾ ಬೇಡಿಕೆಗಳನ್ನು ಲೋಕಸಭೆ ವರ್ಷಕ್ಕೆ ಒಂದು ಇಡೀ ದಿನವಾದರೂ ಚರ್ಚಿಸಲೇಬೇಕು, ಗಿಲೊಟಿನ್ ಅದಕ್ಕೆ ತಾಗಬಾರದು. ಮಹಾಲೇಖಪಾಲರ ರಕ್ಷಣಾ ವರದಿಗಳು, ನಿಜವಾಗಿ ಗುಟ್ಟಾದ ಪುಟ ಬಿಟ್ಟು, ನಮಗೆಲ್ಲ ಓದಲು ಸಿಗಬೇಕು. ಸೈನಿಕನ ಬದುಕನ್ನು ತಿರುಗಿಸುವ ತೀರ್ಮಾನ ಸದನಕ್ಕೆ ಮೊದಲು ಬರಬೇಕು. ಇಷ್ಟಾದ ಮೇಲೆ ಖರ್ಚು ಎರಡು ಪಟ್ಟಾಗಬೇಕು ಎಂದು ಸದನ ಹೇಳಿದರೆ ನನ್ನ ತೆರಿಗೆಯನ್ನು ಗೊಣಗದೆ ಕೊಡುತ್ತೇನೆ. ಅದಿಲ್ಲದೆ ಒಂದು ರೂಪಾಯಿ ಹೆಚ್ಚು ಕೇಳಿದರೂ, ನಮ್ಮ ಊರನ್ನು ಒತ್ತೆ ಇಟ್ಟ ಚಂದೂಲಾಲನ ನೆನಪಾಗುತ್ತದೆ.

ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಕಟ್ಟಿದ ಹಿಂದಿನ ತಲೆಮಾರು ನಿಜಾಮನ ರಾಜ್ಯ ನೋಡಿದ ತಲೆಮಾರು. ಕೇಳಿದರೆ ಏನಾಗುತ್ತದೆ ಎಂಬ ಭಯ ಅವರಿಗೆ ನಮಗಿಂತ ಹೆಚ್ಚು ಇರಬೇಕಿತ್ತು. ಆದರೂ ಕೇಳಿದರು, ಕಟ್ಟಿದರು. ನಾವು ಎಸಿ ಕೋಣೆಯಲ್ಲಿ ಕೂತು, ಪ್ರಶ್ನೆ ಕೇಳಿದ ಒಬ್ಬನನ್ನು ವಾಟ್ಸಾಪಿನಿಂದ ತೆಗೆದು ದೇಶ ಉಳಿಸಿದೆವು ಎಂದುಕೊಳ್ಳುತ್ತೇವೆ.

ಹೋದ ತಿಂಗಳು ಅಕ್ಕನ ಮಗ ರಜೆಗೆ ಬಂದಿದ್ದ. ಊರಿಗೆ ಹೋಗುವ ಮೊದಲು ಒಂದು ರಾತ್ರಿ ನಮ್ಮಲ್ಲಿ ಇದ್ದ. ನಾನು ಈ ವರದಿಗಳ ಮಾತೆಲ್ಲ ಎತ್ತಿ, ನಿನ್ನ ಬೂಟು ಹೇಗಿದೆಯೋ ಎಂದು ಕೇಳಿದೆ. ನಕ್ಕ.

"ಬೂಟು ಚಲೋ ಅದಾವ ಮಾಮಾ, ಅದರ ಚಿಂತಿ ಮಾಡಬ್ಯಾಡ್ರಿ. ನಾಕು ವರ್ಷ ಮುಗಿದ ಮ್ಯಾಲೆ ನಾ ಏನು ಮಾಡ್ಲಿ? ಅದನ್ನ ಯಾರಿಗೆ ಕೇಳಬೇಕು ಹೇಳ್ರಿ."

ನನಗೆ ಉತ್ತರ ಗೊತ್ತಿರಲಿಲ್ಲ. ಬೆಳಿಗ್ಗೆ ಸ್ಟೇಷನ್ನಿಗೆ ಬಿಟ್ಟು ಬಂದೆ. ಅದೇ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನನ್ನನ್ನು ಹೊರಗೆ ಹಾಕಿದ ಗುಂಪಿನ ಹಿರಿಯರೂ ಈ ಪತ್ರಿಕೆ ಓದುತ್ತಾರೆ. ಸರ್, ಮುಂದಿನ ಭಾನುವಾರದ ಕೂಟ ನಮ್ಮ ಮನೆಯಲ್ಲೇ ಆಗಲಿ. ಬಜೆಟ್ಟಿನ ಪುಸ್ತಕ ನಾನು ಪ್ರಿಂಟ್ ತೆಗೆದು ಇಟ್ಟಿರುತ್ತೇನೆ. ತಾಳೆ ನೋಡುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.